ಅಮ್ಮನ್ನ ಜಪಾನೀಸ್ ಊಟಕ್ಕೆ ಕರ್ಕೊಂಡು ಹೋಗ್ಬಹುದಾ?

ಪ್ರಶ್ನೆ: ಭಾನುವಾರ ಊರಿಂದ ಅಮ್ಮ ಬರ್ತಿದಾರೆ. ಇಂದಿರಾನಗರದ ಒಂದು ಸಣ್ಣ ಜಪಾನೀಸ್ ಹೋಟೆಲಲ್ಲಿ ಮಧ್ಯಾಹ್ನ ನಿಧಾನಕ್ಕೆ ಕೂತು ಊಟ ಮಾಡೋ ಆಸೆ, ಆದ್ರೆ ಅಮ್ಮ ಮೊಟ್ಟೆನೂ ತಿನ್ನಲ್ಲ. ಹೋಗ್ಬಹುದಾ ಸರ್?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಹೋಗಿಮ್ಮಾ, ಆದ್ರೆ ಆರ್ಡರ್ ಮಾಡೋಕೆ ಮುಂಚೆ "ದಾಶಿ ಯಾವುದರಿಂದ ಮಾಡಿದೀರ" ಅಂತ ಕೇಳಲೇಬೇಕು. ನಮ್ಮ ಸಾರಿಗೆ ಬೇಳೆ ಕಟ್ಟು ಹೆಂಗೋ ಅವರ ಅಡುಗೆಗೆ ದಾಶಿ ಹಂಗೆ, ಮಿಸೋ (ಹುದುಗಿಸಿದ ಸೋಯಾ ಪೇಸ್ಟ್) ಸೂಪು, ಉದೋನ್ ಅನ್ನೋ ದಪ್ಪ ನೂಡಲ್ಸು, ಟೆಂಪುರಾ ಅನ್ನೋ ಬಜ್ಜಿ ಅದ್ದೋ ಸಾಸು ಎಲ್ಲದರಲ್ಲೂ ಇರುತ್ತೆ, ಅದನ್ನ ಸಾಮಾನ್ಯವಾಗಿ ಒಣಗಿಸಿ ಹೊಗೆ ಹಾಕಿದ ಮೀನಿನ ತೆಳು ಚಕ್ಕೆಯಿಂದ ಮಾಡ್ತಾರೆ, ಮೇಲೆ ತೋಫು (ಸೋಯಾ ಪನೀರ್) ತೇಲ್ತಿದ್ರೆ ಗೊತ್ತೇ ಆಗಲ್ಲ. ಕೊಂಬು ಅನ್ನೋ ಕಡಲಕಳೆಯಿಂದ್ಲೂ ದಾಶಿ ಮಾಡ್ತಾರೆ, ಅದು ಶುದ್ಧ ಸಸ್ಯಾಹಾರ. 1908ರಲ್ಲಿ ಕಿಕುನಾಯೆ ಇಕೆದಾ ಅನ್ನೋ ವಿಜ್ಞಾನಿ 'ಉಮಾಮಿ' ರುಚಿ (ಸಿಹಿ, ಹುಳಿ, ಉಪ್ಪು, ಕಹಿ ಬಿಟ್ಟು ಐದನೇದು) ಕಂಡುಹಿಡಿದಿದ್ದೂ ಈ ಕೊಂಬು ಸಾರಿನಿಂದಲೇ!

ಟೆಂಪುರಾ ಹಿಟ್ಟಿಗೆ ಮೊಟ್ಟೆ ಹಾಕಿದಾರಾ ಅಂತಾನೂ ಕೇಳಿ. ಸೌತೆಕಾಯಿ ಸುಶಿ (ಅನ್ನದ ಸುರುಳಿ), ಬರೀ ಉಪ್ಪು ಹಾಕಿ ಬೇಯಿಸಿದ ಎದಮಾಮೆ ಇವು ಚಿಂತೆ ಇಲ್ಲದ್ದು. ಎದಮಾಮೆ ಅಂದ್ರೆ ಎಳೆ ಸೋಯಾ ಕಾಯಿ, ಅವರೆಕಾಯಿ ಸುಲಿದಂಗೆ ಸುಲ್ಕೊಂಡು ಮಾತಾಡ್ತಾ ತಿನ್ಬಹುದು, ಅಮ್ಮಂಗೆ ಇಷ್ಟ ಆಗೇ ಆಗುತ್ತೆ. ಪಕ್ಕದಲ್ಲಿ ಇಡೋ ವಸಾಬಿ ಅನ್ನೋ ಹಸಿರು ಖಾರದ ಪೇಸ್ಟನ್ನ ಚಟ್ನಿ ಅಂದ್ಕೊಂಡು ಜಾಸ್ತಿ ಹಾಕೊಳ್ಳೋಕೆ ಬಿಡ್ಬೇಡಿ, ಸಾಸಿವೆ ತರ ಸೀದಾ ಮೂಗಿಗೆ ಏರುತ್ತೆ.

ಚಾಪ್‌ಸ್ಟಿಕ್ಕು ಬರಲ್ಲ ಅಂತ ಅಮ್ಮ ಸಂಕೋಚ ಪಟ್ರೆ, ಸುಶಿ ಕೈಯಲ್ಲಿ ತಿನ್ನೋದು ಜಪಾನಲ್ಲೂ ಸರಿನೇ ಅಂತ ಹೇಳಿ. ಅನ್ನದ ಮೇಲೆ ಮಾತ್ರ ಕಡ್ಡಿ ನೆಟ್ಟಗೆ ಚುಚ್ಚಬೇಡಿ, ಅಲ್ಲಿ ಅದು ಸತ್ತವರಿಗೆ ಇಡೋ ಎಡೆಯ ರೀತಿ.