ಅಮ್ಮ ತಂದ ಹಳೇ ಕ್ಯಾಲೆಂಡರ್

ಕೆಲಸ ಬಿಡು ಅಂತ ಅತ್ತೆ, ಬಿಡಲ್ಲ ಅಂತ ಸೊಸೆ. ಆಪ್ತಸಲಹೆಗಾರಳಾದ ನನಗೆ ಈ ಜಗಳ ಮಾಮೂಲು. ಈಚೆಗೆ ಅದು ತಿರುಗುಮುರುಗಾಗಿ ಬರುತ್ತಿದೆ. ಮಗಳು ತಾನಾಗಿ ಕೆಲಸ ಬಿಟ್ಟಿರುತ್ತಾಳೆ, ಮಾತು ಬಿಡುವವರು ಹೆತ್ತಮ್ಮ. ಇಂಥ ಒಂದು ಪ್ರಕರಣ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆದದ್ದು, ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಮಗಳನ್ನು ವಸುಧಾ ಅನ್ನೋಣ. ವಯಸ್ಸು 34, ಮನೆ ಮುಂಬೈ ಪಕ್ಕದ ಥಾಣೆಯ ಘೋಡ್‌ಬಂದರ್ ರೋಡಿನಲ್ಲಿ, ನವಿ ಮುಂಬೈಯ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮಗುವಿಗೆ 14 ತಿಂಗಳು. 26 ವಾರದ ಹೆರಿಗೆ ರಜೆ ಮುಗಿಸಿ ವಾಪಸ್ ಹೋದಳು, ನಾಲ್ಕು ತಿಂಗಳು ಎಳೆದಳು, ಬಿಟ್ಟಳು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತ್ತು. ಅವಳ ಆಫೀಸಿಗೂ ಒಂದಿತ್ತು, ಮನೆಗೂ ಆಫೀಸಿಗೂ ದೂರದ ಪೊವಾಯಿಯಲ್ಲಿ! ಮನೆ ಹತ್ತಿರದ ಪಾಳಣಾಘರ್, ಅಂದರೆ ದುಡ್ಡು ಕೊಟ್ಟು ಮಗು ಬಿಡುವ ಜಾಗ, ಸಂಜೆ ಏಳಕ್ಕೆ ಮುಚ್ಚುತ್ತಿತ್ತು. ಘೋಡ್‌ಬಂದರ್ ರೋಡಿನ ಸಂಜೆಯ ಟ್ರಾಫಿಕ್ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ.

ಅಮ್ಮ ದಕ್ಷಿಣ ಕನ್ನಡದವರು, ಮದುವೆಯಾಗಿ ಡೊಂಬಿವಲಿಗೆ ಬಂದವರು. 28 ವರ್ಷ ಮುಂಬೈಯ ಫೋರ್ಟ್‌ನಲ್ಲಿ ಟೈಪಿಸ್ಟ್. ಮಗಳು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಲ್ಲದೆ ಕೂತಿದ್ದನ್ನು ನೋಡಿದ ದಿನದಿಂದ ಮಾತಿಲ್ಲ. ಮೊಮ್ಮಗಳ ಹತ್ತಿರ ಮಾತ್ರ ಫೋನಿನಲ್ಲಿ ಮಾತು.

ಮೊದಲ ಎರಡು ಭೇಟಿಗೆ ವಸುಧಾ ಒಬ್ಬಳೇ ಬಂದಳು. ಎರಡರಲ್ಲೂ ಬರೀ ಕಾರಣಗಳು. ಪಾಳಣಾಘರಿನಲ್ಲಿ ಮಗುವಿಗೆ ಪದೇ ಪದೇ ಜ್ವರ, ಹತ್ತು ಮಕ್ಕಳಿಗೆ ನೋಡಿಕೊಳ್ಳುವ ಮಾವಶಿಯರು ಇಬ್ಬರೇ, ಟಿವಿ ಹಾಕಿ ಕೂರಿಸುತ್ತಾರೆ. ಯಾವುದೂ ಸುಳ್ಳಲ್ಲ. ಆದರೂ ವಕೀಲರಿಗೆ ಕೇಸು ಹೇಳಿದ ಹಾಗಿತ್ತು. ಇದೆಲ್ಲ ಸರಿಹೋದರೆ ವಾಪಸ್ ಹೋಗ್ತೀಯಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. "ಇಲ್ಲ ಮೇಡಂ. ನನಗೆ ಅವಳ ಜತೆ ಇರಬೇಕು ಅನಿಸ್ತಿದೆ, ಅಷ್ಟೇ. ಇದನ್ನ ಅಮ್ಮನ ಹತ್ರ ಹೇಳೋಕೆ ನಾಚಿಕೆ."

ಇಲ್ಲಿ ನನ್ನ ವಿಷಯವೂ ಒಂದು ಮಾತು. ನನ್ನ ಮಗ ಐದು ತಿಂಗಳಿಗೇ ಪಾಳಣಾಘರ್ ಸೇರಿದವನು. ಈ ಉತ್ತರ ಕೇಳಿ ನನಗೇ ಎಲ್ಲೋ ಚುಚ್ಚಿತು. ಅಮ್ಮನಿಗೆ ಹೇಗಾಗಿರಬೇಕು ಅಂತ ಆಗ ಹೊಳೆಯಿತು. ಮುಂದಿನ ಸಲ ಕರೆದುಕೊಂಡು ಬಾ ಅಂದೆ.

ಅಮ್ಮ ಬಂದರು. ಕೂತ ಕೂಡಲೇ ಬಟ್ಟೆಚೀಲದಿಂದ ಸುರುಳಿ ಸುತ್ತಿದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. 1992ರ ಕಾಲನಿರ್ಣಯ ಕ್ಯಾಲೆಂಡರ್, ಮರಾಠಿಯದ್ದು. ಅಂಚೆಲ್ಲ ಹಳದಿಯಾಗಿತ್ತು. ಮುಂಬೈ ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲಿ ನೀಲಿ ಪೆನ್ನಿನ ಸಣ್ಣ ಅಕ್ಷರ ತುಂಬಿತ್ತು. ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಆಜಿ ದಿನಾ ಬರೆದಿಟ್ಟದ್ದಂತೆ. "ವರಣ್ ಭಾತ್. ದೋನ್ ತಾಸ್ ಝೋಪಲಿ. ರಡಲಿ ನಾಹಿ." ಅನ್ನ ತೊವ್ವೆ ತಿಂದಳು, ಎರಡು ಗಂಟೆ ಮಲಗಿದಳು, ಅಳಲಿಲ್ಲ.

"ನೋಡಿ ಮೇಡಂ. ನನಗೆ ಸಿಕ್ಕಿದ್ದು ಹನ್ನೆರಡು ವಾರ ರಜೆ. ಎದೆಯಲ್ಲಿ ಹಾಲು ಜಿನುಗುವಾಗ ಒಳಗೆ ಟವೆಲ್ ಮಡಚಿ ಇಟ್ಟುಕೊಂಡು ವಿಟಿ ಲೋಕಲ್ ರೈಲು ಹತ್ತಿದ್ದೇನೆ. ಆದ್ರೆ ಇವಳನ್ನು ಬೀದಿಯಲ್ಲಿ ಬಿಟ್ಟು ಹೋದ್ದಲ್ಲ."

"ಬಿಟ್ಟು ಹೋದೆ ಅಂತ ಯಾರಮ್ಮ ಹೇಳಿದ್ದು?" ವಸುಧಾ.

"ನೀನೇ. ಮನೆಯಲ್ಲಿ ಕೂತು ದಿನಾ ಹೇಳುದು ಅದನ್ನೇ ಅಲ್ವಾ?"

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನೂ ಬಾಯಿ ತೆರೆಯಲಿಲ್ಲ. ವಸುಧಾ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಜೂನ್, ಜುಲೈ, ಆಗಸ್ಟ್. ಆಮೇಲೆ ನಗು ಬಂತು ಅವಳಿಗೆ.

"ಅಮ್ಮ, ಒಂದು ದಿನವೂ ಅಳದ ಮಗು ಇರುತ್ತಾ? ಎಲ್ಲಾ ದಿನ ರಡಲಿ ನಾಹಿ ಅಂತಿದೆ."

"ಗೊತ್ತುಂಟು. ನಾನೇನು ದಡ್ಡಿಯಾ?" ಅಮ್ಮ ಹಾಳೆಯ ಮೂಲೆ ನೀವುತ್ತಿದ್ದರು. "ಆಜಿ ನನಗೋಸ್ಕರ ಬರೀತಿದ್ದದ್ದು. ಆದ್ರೂ ಬಂದ ಕೂಡಲೇ ಅದನ್ನೇ ಓದ್ತಿದ್ದೆ."

ಅವತ್ತು ಇಬ್ಬರೂ ಅತ್ತರು. ಆ ಭಾಗ ಅವರದ್ದು, ಬರೆಯುವುದಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು: ಅಮ್ಮನಿಗೆ ಕಾರಣ ಹೇಳುವುದು ನಿಲ್ಲಿಸು. ಪಾಳಣಾಘರಿನ ಒಂದೊಂದು ದೂರೂ ಅವರ 1992ಕ್ಕೆ ಹೋಗಿ ತಾಗುತ್ತದೆ. ಇರಬೇಕು ಅನಿಸಿತು ಅನ್ನು, ಸಾಕು. ಮಗುವಿನ ಜತೆ ಇರಲು ಆಸೆಯಾಗುವುದಕ್ಕೆ ಸಾಕ್ಷಿ ಪುರಾವೆ ಯಾಕೆ ಬೇಕು? ಕೆಲಸಕ್ಕೆ ಹೋಗುವ ತಾಯಿಗೂ ಅಷ್ಟೇ. ಸಂಬಳ ಬೇಕು, ಸಾಲದ ಕಂತು ಇದೆ ಅಂತ ಅವಳು ಯಾಕೆ ಮುಖ ಸಣ್ಣ ಮಾಡಬೇಕು? ಹೋಗಬೇಕು ಅನಿಸಿದರೂ ಸಾಲದೇ?

ಎರಡನೆಯದು ದುಡ್ಡು. ಇದರಲ್ಲಿ ನಾನು ಹಟಮಾರಿ. ಗಂಡನನ್ನು ಕರೆಸಿ ಹೇಳಿದೆ, ಸಂಬಳದ ದಿನವೇ ಅವಳ ಖಾತೆಗೆ ಗೊತ್ತಾದ ಮೊತ್ತ ಹೋಗಬೇಕು, ಅವಳು ಕೇಳಿದ ಮೇಲೆ ಕೊಡುವುದಲ್ಲ. ಅವಳ ಹೆಸರಿನ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಉಳಿತಾಯ ನಿಲ್ಲಬಾರದು. ವರ್ಷಕ್ಕೆ ಕನಿಷ್ಠ 500 ರೂಪಾಯಿ ಹಾಕಿದರೂ ಖಾತೆ ಜೀವಂತ ಇರುತ್ತದೆ, 500ಕ್ಕೇ ನಿಲ್ಲಿಸಬೇಡಿ ಅಂತಲೂ ಹೇಳಿದೆ. ಕೆಲಸದಲ್ಲಿ ಕಟ್ಟಿದ ಪಿಎಫ್ ತೆಗೆಯುವುದು ಬೇಡ, ಮುಂದೆ ಹೊಸ ಕೆಲಸಕ್ಕೆ ವರ್ಗಾಯಿಸಬಹುದು. ಆಫೀಸಿನ ವಿಮೆ ಹೋಗಿರುತ್ತದೆ, ಬೇರೆ ಮಾಡಿಸಿ. ಆಪ್ತಸಲಹೆಯಲ್ಲಿ ಬ್ಯಾಂಕಿನ ಮಾತು ಯಾಕೆ ಅಂತ ಕೇಳುವವರಿದ್ದಾರೆ. ಚಪ್ಪಲಿ ಕೊಳ್ಳಲು ಗಂಡನ ಮುಖ ನೋಡಬೇಕಾದ ಹೆಂಗಸಿನ ಎದುರು ಕೂತು ಒಮ್ಮೆ ಮಾತಾಡಿ, ಆಮೇಲೆ ಕೇಳಿ.

ಅಮ್ಮ ಕೊನೆಗೊಂದು ದಾರಿ ತೋರಿಸಿದರು. "ನಾನು ಬಂದು ಮಗು ನೋಡ್ತೇನೆ, ಇವಳು ಹೋಗಲಿ." ಬೇಡ ಅಂದೆ. 66 ವಯಸ್ಸು, ಮೊಣಕಾಲು ನೋವು, ಓಡುವ ಮಗು. ಅದಕ್ಕಿಂತ ಹೆಚ್ಚಾಗಿ, ಅದು ಮಗುವಿಗಾಗಿ ಹೇಳಿದ ಮಾತಲ್ಲ. ಮಗಳನ್ನು ವಾಪಸ್ ಕಳಿಸಿದರೆ ತಾನು ಗೆದ್ದೆ ಅನ್ನುವ ಲೆಕ್ಕ. ಹೀಗೆ ನೇರವಾಗಿ ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ನನ್ನ ಜತೆ ಕೆಲಸ ಮಾಡುವವರೊಬ್ಬರಿಗೂ ಹಿಡಿಸಲಿಲ್ಲ. ಓದಿದ ಹುಡುಗಿಯನ್ನು ಮನೆಯಲ್ಲಿ ಕೂರಿಸಿದಿರಿ ಅಂದರು. ಕೂರಿಸಿದ್ದು ನಾನಲ್ಲ, ಅವಳು ಕೂತೇ ಬಂದಿದ್ದಳು. ಮಗುವಿಗೆ ಎರಡೂವರೆ ತುಂಬುವ ತಿಂಗಳು ಮತ್ತೆ ಯೋಚಿಸುವುದು ಅಂತ ತಾರೀಖು ಹಾಕಿಸಿದ್ದೇನೆ. ಹೋಗಲೇಬೇಕು ಅಂತ ಬರೆಸಿಲ್ಲ. ಅದನ್ನೂ ಮಾಡಿದ್ದರೆ ಅವಳಿಗೆ ಇನ್ನೊಬ್ಬಳು ಅಮ್ಮನಾಗುತ್ತಿದ್ದೆ.

ಈಗ ಇಬ್ಬರೂ ಮಾತಾಡುತ್ತಾರೆ. ಭಾನುವಾರ ಅಮ್ಮ ಡೊಂಬಿವಲಿಯಿಂದ ಡಬ್ಬಿಯಲ್ಲಿ ನೀರುದೋಸೆ ಕಟ್ಟಿಕೊಂಡು ಬರುತ್ತಾರೆ. ಡಬ್ಬಿ ಮೇಜಿನ ಮೇಲಿಟ್ಟು, ಸೀರೆಯ ಸೆರಗಿನಲ್ಲಿ ಬೆವರು ಒರೆಸಿಕೊಂಡು ಮೊದಲು ಕೇಳುವುದು, "ಯಾವಾಗಿಂದ ಹೋಗ್ತಿ ಕೆಲಸಕ್ಕೆ?"

"ತಾರೀಖು ಬರಲಿ ಅಮ್ಮ," ಅನ್ನುತ್ತಾಳಂತೆ ವಸುಧಾ, "ಚಟ್ನಿ ತಂದಿದ್ದೀಯಾ?"