ಫಾರಂನಲ್ಲಿ ಬ್ರೌಸರ್ ತೋರಿಸೋ ಎರರ್ ಮೆಸೇಜಿನ ಬಣ್ಣ, ಅಕ್ಷರ ಬದಲಾಯಿಸೋದು ಹೇಗೆ?

ಪುಣೆಯ ನಿಮ್ಮ ಸಂಘದ ರಾಜ್ಯೋತ್ಸವ ಫಾರಂನಲ್ಲಿ ಹೆಸರು ಖಾಲಿ ಬಿಟ್ರೆ ಬ್ರೌಸರ್ ತಾನಾಗೇ ಒಂದು ಚಿಕ್ಕ ಬಾಕ್ಸ್ ತೋರಿಸುತ್ತೆ, ಅದನ್ನ ಸಿಎಸ್‌ಎಸ್‌ನಲ್ಲಿ (ಪೇಜಿನ ಬಣ್ಣ, ಅಳತೆ ಹೇಳೋ ಕೋಡ್) ಬದಲಾಯಿಸಬೇಕು ಅಂದಿದ್ದೀರಿ. ಆಗಲ್ಲ. ಮೊದಲು ಕ್ರೋಮ್‌ನಲ್ಲಿ ದಾರಿ ಇತ್ತು, 2013ರಲ್ಲಿ ಬಂದ ಕ್ರೋಮ್ 28ರಲ್ಲಿ ತೆಗೆದುಬಿಟ್ರು, ಹಾಗಾಗಿ ಎಲ್ಲಾದ್ರೂ ವೆಬ್‌ಕಿಟ್-ವ್ಯಾಲಿಡೇಷನ್-ಬಬಲ್ ಅಂತ ಹಳೇ ಕೋಡ್ ಸಿಕ್ರೆ ಅದರ ಹಿಂದೆ ಬೀಳ್ಬೇಡಿ. ಜಾವಾಸ್ಕ್ರಿಪ್ಟ್‌ನ ಸೆಟ್‌ಕಸ್ಟಮ್‌ವ್ಯಾಲಿಡಿಟಿ ಹಾಕಿದ್ರೆ ಬಾಕ್ಸ್ ಒಳಗಿನ ಮಾತು ಮಾತ್ರ ಬದಲಾಗುತ್ತೆ. ಅಂದಹಾಗೆ ನೀವು ಬದಲಾಯಿಸದಿದ್ರೆ ಆ ಮಾತು ಬರೋದು ಬ್ರೌಸರ್ ಯಾವ ಭಾಷೇಲಿದೆಯೋ ಅದರಲ್ಲಿ, ಫೋನ್ ಮರಾಠಿಯಲ್ಲಿ ಇಟ್ಕೊಂಡೋರಿಗೆ ನಿಮ್ಮ ಕನ್ನಡ ಫಾರಂ ಮೇಲೆ ಮರಾಠಿ ಮೆಸೇಜ್ ಬರಬಹುದು.

ನಾನು ಮಾಡೋದು ಹೀಗೆ. ಫೀಲ್ಡಿಗೆ ಹಾಕಿರೋ ರಿಕ್ವೈರ್ಡ್ (ಖಾಲಿ ಬಿಡೋ ಹಾಗಿಲ್ಲ), ಪ್ಯಾಟರ್ನ್ (ಯಾವ ಅಕ್ಷರ, ಎಷ್ಟು ಅನ್ನೋ ನಿಯಮ) ಎಲ್ಲಾ ಹಾಗೇ ಇರ್ಲಿ, ತಪ್ಪು ಹುಡುಕೋ ಕೆಲಸ ಬ್ರೌಸರೇ ಮಾಡ್ಲಿ. ತಪ್ಪು ಸಿಕ್ಕಾಗ ಬ್ರೌಸರ್ ಕೊಡೋ ಇನ್‌ವ್ಯಾಲಿಡ್ ಅನ್ನೋ ಈವೆಂಟ್ (ಸೂಚನೆ) ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿದು ಪ್ರಿವೆಂಟ್‌ಡೀಫಾಲ್ಟ್ ಕೊಡಿ, ಬಾಕ್ಸ್ ಬರಲ್ಲ, ಆಮೇಲೆ ಫೀಲ್ಡಿನ ವ್ಯಾಲಿಡಿಟಿ ನೋಡಿ ವ್ಯಾಲ್ಯೂಮಿಸಿಂಗ್ (ಖಾಲಿ) ಆದ್ರೆ ಒಂದು ಮಾತು, ಪ್ಯಾಟರ್ನ್‌ಮಿಸ್‌ಮ್ಯಾಚ್ (ನಿಯಮಕ್ಕೆ ಹೊಂದಲ್ಲ) ಆದ್ರೆ ಇನ್ನೊಂದು ಮಾತು, ಫೀಲ್ಡಿನ ಕೆಳಗೇ ಇರೋ ಸ್ಪ್ಯಾನ್‌ನಲ್ಲಿ ಬರೀರಿ. ನಾನು ಅರ್ಧ ದಿನ ಒದ್ದಾಡಿದ್ದು ಎಲ್ಲಿ ಅಂದ್ರೆ, ಈ ಈವೆಂಟ್ ಬಬಲ್ ಆಗಲ್ಲ, ಅಂದ್ರೆ ಫೀಲ್ಡಿಂದ ಮೇಲಿನ ಫಾರಂವರೆಗೆ ಏರಿ ಬರಲ್ಲ, ಫಾರಂ ಮೇಲೆ ಲಿಸನರ್ ಹಾಕಿ ಕೂತ್ರೆ ಏನೂ ಕೇಳಿಸಲ್ಲ, ಆಡ್‌ಈವೆಂಟ್‌ಲಿಸನರ್‌ಗೆ ಮೂರನೇ ಆರ್ಗ್ಯುಮೆಂಟ್ ಟ್ರೂ ಕೊಡ್ಲೇಬೇಕು. ಡೀಫಾಲ್ಟ್ ತಡೆದಮೇಲೆ ಕರ್ಸರ್ ತಪ್ಪಾದ ಜಾಗಕ್ಕೆ ಹೋಗೋದೂ ನಿಲ್ಲುತ್ತೆ, ಮೊದಲನೇ ತಪ್ಪು ಫೀಲ್ಡಿಗೆ ಫೋಕಸ್ ನೀವೇ ಕೊಡಿ.

ಸ್ಟೈಲ್ ವಿಷ್ಯಕ್ಕೆ ಬಂದ್ರೆ ಕನ್ನಡಕ್ಕೆ ಒಂದು ವಿಶೇಷ ಎಚ್ಚರಿಕೆ ಬೇಕು. ಯಾವುದೋ ಇಂಗ್ಲಿಷ್ ಟೆಂಪ್ಲೇಟಿಂದ ತಂದ ಸಿಎಸ್‌ಎಸ್‌ನಲ್ಲಿ ಎರರ್ ಸ್ಪ್ಯಾನಿಗೆ 16 ಪಿಕ್ಸೆಲ್ ಹೈಟ್, ಓವರ್‌ಫ್ಲೋ ಹಿಡನ್ ಇತ್ತು, ನಾನು 'ಕಡ್ಡಾಯ' ಅಂತ ಬರೆದಿದ್ದು ಕೆಳಗಿನ ಒತ್ತು ಕತ್ತರಿಸಿ 'ಕಡಾಯ' ಅಂತ ಕಾಣ್ತಿತ್ತು. ಹೈಟ್ ತೆಗೀರಿ, ಲೈನ್-ಹೈಟ್ 1.6 ಇಡಿ, ಇಟಾಲಿಕ್ ಬೇಡವೇ ಬೇಡ. ಬಿಳಿ ಮೇಲೆ ಅಪ್ಪಟ ಕೆಂಪಿನ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆ ನಡುವಿನ ಬೆಳಕಿನ ಅನುಪಾತ) ಸುಮಾರು 4 ಅಷ್ಟೇ, ಡಬ್ಲ್ಯೂಸಿಎಜಿ (ವೆಬ್ ಎಲ್ಲರಿಗೂ ಬಳಸೋಕೆ ಆಗ್ಲಿ ಅನ್ನೋ ಮಾರ್ಗಸೂಚಿ) ಸಣ್ಣ ಅಕ್ಷರಕ್ಕೆ ಕೇಳೋದು 4.5, ಹ್ಯಾಶ್ ಬಿ00020 ಥರ ಗಾಢ ಕೆಂಪು ಹಾಕಿದ್ರೆ 7 ದಾಟುತ್ತೆ. ಬಾರ್ಡರ್‌ಗೆ ಇನ್‌ವ್ಯಾಲಿಡ್ ಸೆಲೆಕ್ಟರ್ ಬೇಡ, ಪೇಜ್ ತೆರೆದ ಕೂಡ್ಲೇ ಇಡೀ ಫಾರಂ ಕೆಂಪಾಗಿ ನಿಲ್ಲುತ್ತೆ, ಪಾಪ ಇನ್ನೂ ಯಾರೂ ತಪ್ಪೇ ಮಾಡಿರಲ್ಲ. ಯೂಸರ್-ಇನ್‌ವ್ಯಾಲಿಡ್ ಬಳಸಿ, ಅದು ಜನ ಫೀಲ್ಡ್ ತುಂಬಿಸಿದ ಮೇಲಷ್ಟೇ ಹತ್ತುತ್ತೆ, 2023ರ ಕೊನೆ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಬಂದಿದೆ. ಸ್ಕ್ರೀನ್ ರೀಡರ್ (ಪರದೆ ಓದಿ ಹೇಳೋ ಸಾಫ್ಟ್‌ವೇರ್) ಬಳಸೋರಿಗೆ ಫೀಲ್ಡಿಗೆ ಏರಿಯಾ-ಇನ್‌ವ್ಯಾಲಿಡ್ (ತಪ್ಪಿದೆ ಅನ್ನೋದಕ್ಕೆ), ಏರಿಯಾ-ಡಿಸ್ಕ್ರೈಬ್ಡ್‌ಬೈ (ಮೆಸೇಜ್ ಎಲ್ಲಿದೆ ಅನ್ನೋದಕ್ಕೆ) ಎರಡೂ ಹಾಕಿ.

ಆದ್ರೆ ಬಣ್ಣಕ್ಕಿಂತ ಮಾತಿನ ಮೇಲೆ ಜಾಸ್ತಿ ಹೊತ್ತು ಕೂರಿ ಅಂತ ಕೇಳ್ಕೊಳ್ತೀನಿ. ನಾನಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ಸಂಘಕ್ಕೂ ಇಂಥದೇ ಫಾರಂ ಮಾಡಿದ್ದೆ. ಕಾರ್ಯಕ್ರಮದ ದಿನ ಉಡುಪಿ ಕಡೆಯ ಒಬ್ಬ ಹಿರಿಯರು ಫೋನ್ ಹಿಡ್ಕೊಂಡು ಟೇಬಲ್ ಹತ್ರ ಬಂದು, "ಎರಡು ದಿನದಿಂದ ತುಂಬಿಸ್ತಾ ಇದ್ದೇನೆ ಮಾರಾಯ, ಸಂಖ್ಯೆ ಸರಿಯಿಲ್ಲ ಅಂತದೆ, ನನ್ನ ನಂಬರ್ ನನಗೆ ಗೊತ್ತಿಲ್ವಾ?" ಅಂದ್ರು. ನೋಡಿದ್ರೆ ಹತ್ತೂ ಅಂಕಿ ಸರಿಯಾಗೇ ಇತ್ತು, ಕನ್ನಡ ಕೀಬೋರ್ಡ್‌ನಲ್ಲಿ ೯೮ ಅಂತ ಕನ್ನಡ ಅಂಕಿಯಲ್ಲಿ ಹಾಕಿದ್ರು, ನನ್ನ ಪ್ಯಾಟರ್ನ್‌ಗೆ 0ಯಿಂದ 9 ಬಿಟ್ರೆ ಬೇರೆ ಗೊತ್ತೇ ಇರ್ಲಿಲ್ಲ. ಕನ್ನಡ ಫಾರಂ ಕನ್ನಡ ಅಂಕಿಗೆ ತಪ್ಪು ಅಂದಿತ್ತು, ನನಗೆ ನಿಜವಾಗ್ಲೂ ಬೇಜಾರಾಯ್ತು. ಈಗ ಇನ್‌ಪುಟ್ ಈವೆಂಟ್‌ನಲ್ಲೇ ೦ಯಿಂದ ೯ರವರೆಗಿನ ಅಂಕಿನ ಇಂಗ್ಲಿಷ್ ಅಂಕಿಗೆ ಬದಲಾಯಿಸಿಬಿಡ್ತೀನಿ, ಮೆಸೇಜಲ್ಲೂ 'ಸರಿಯಿಲ್ಲ' ಅನ್ನೋ ಬದಲು '10 ಅಂಕಿ ಬೇಕು, ಈಗ 9 ಇದೆ' ಅಂತ ಬರುತ್ತೆ. ನಿಮ್ಮ ಮೊಬೈಲ್ ಫೀಲ್ಡಿನ ಪ್ಯಾಟರ್ನ್ ಏನು ಹಾಕಿದ್ದೀರಿ ತಿಳಿಸಿ, ನೋಡಿ ಹೇಳ್ತೀನಿ.