1950ರ ದಶಕದ ನೆವಾಡಾ ನಕ್ಷೆಯನ್ನು ನಂಬಬಹುದಾ?

ಅಮೆರಿಕದ ನೆವಾಡಾದ ಎಲ್ಕೋ ಕೌಂಟಿಯ ರಾಂಚ್ ಸೀಮೆಯಲ್ಲಿ ಹಳೆಯ ಒರತೆಗಳನ್ನು ಹುಡುಕಲು 1950ರ ದಶಕದ ಯುಎಸ್‌ಜಿಎಸ್ (ಅಲ್ಲಿನ ಸರ್ಕಾರಿ ಭೂಸರ್ವೆ ಸಂಸ್ಥೆ) ನಕ್ಷೆ ಸಾಕಾ, ಇಲ್ಲಾ ಫೋನಿನ ಉಪಗ್ರಹ ಚಿತ್ರ ವಾಸಿಯಾ ಅಂತ ಕೇಳಿದ್ದೀರಿ. ಅಲ್ಲೇ ಓದುತ್ತಿದ್ದಾಗ ನಾನೂ ಇದೇ ಕೆಲಸಕ್ಕೆ ಅಲೆದವನು.

ನಕ್ಷೆಯ ಅಂಚಿನಲ್ಲಿರುವ ನೀಲಿ ಯುಟಿಎಂ ಗೀಟುಗಳನ್ನು (ಜಾಗವನ್ನು ಮೀಟರ್ ಲೆಕ್ಕದಲ್ಲಿ ಗುರುತಿಸುವ ಚೌಕಗಳ ಗುರುತು) ನೋಡಿ ಒರತೆಯ ಅಂಕಿ ತೆಗೆದೆ, ಜಿಪಿಎಸ್‌ಗೆ ಹಾಕಿದೆ. ಅದು ತೋರಿಸಿದ ಕಡೆ ಬರೀ ಒಣ ಕೊರಕಲು, ಸೇಜ್‌ಬ್ರಷ್ ಪೊದೆ. 'ಬತ್ತಿದೆ' ಅಂತ ಬರೆದುಕೊಂಡೆ. ಒಂದಾದ ಮೇಲೊಂದು ಒರತೆಗೆ ಹೀಗೇ ಬರೆದೆ. ಪ್ರಬಂಧದ ಒಂದು ಅಧ್ಯಾಯವೇ ಅದರ ಮೇಲೆ ನಿಂತಿತು. ಕೊನೆಗೆ ಅಲ್ಲಿನ ರಾಂಚಿನ ಹಿರಿಯರೊಬ್ಬರಿಗೆ ತೋರಿಸಿದೆ. "ಅದು ಯಾವತ್ತೂ ಬತ್ತಿಲ್ಲ, ನಮ್ಮ ದನ ಈಗಲೂ ಅಲ್ಲೇ ಕುಡಿಯುತ್ತವೆ" ಅಂದರು. ಒರತೆ ಇದ್ದದ್ದು ಪಕ್ಕದ ಕೊರಕಲಿನಲ್ಲಿ. ಇಡೀ ಅಧ್ಯಾಯ ಹೋಯಿತು.

ಆಗಿದ್ದು ಇಷ್ಟು. ಆ ನಕ್ಷೆಗಳ ಲೆಕ್ಕ ಎನ್‌ಎಡಿ27 ಎಂಬ ಡೇಟಮ್ಮಿನದು. ಡೇಟಮ್ ಅಂದರೆ ಜಾಗದ ಅಂಕಿಗಳನ್ನು ಎಲ್ಲಿಂದ, ಭೂಮಿಯ ಯಾವ ಆಕಾರ ಹಿಡಿದು ಎಣಿಸಬೇಕು ಅನ್ನುವ ಆಧಾರ. ಅದರ ಮೂಲಬಿಂದು ಕಾನ್ಸಾಸ್‌ನ ಮೀಡ್ಸ್ ರಾಂಚ್ ಎಂಬ ಹುಲ್ಲುಗಾವಲಿನಲ್ಲಿದೆ. ಭೂಮಿಯ ಆಕಾರಕ್ಕೆ ಕ್ಲಾರ್ಕ್ ಎಂಬವರ 1866ರ ಅಳತೆ ಹಿಡಿದಿದ್ದಾರೆ. ಜಿಪಿಎಸ್‌ನದು ಡಬ್ಲ್ಯುಜಿಎಸ್84 ಎಂಬ ಬೇರೆ ಡೇಟಮ್, ಭೂಮಿಯ ನಡುವಿನಿಂದ ಹೊರಡುವ ಲೆಕ್ಕ. ಅದೇ ಯುಟಿಎಂ ಅಂಕಿ ಎರಡರಲ್ಲೂ ಒಂದೇ ಜಾಗವಲ್ಲ. ನೆವಾಡಾದಲ್ಲಿ ಸುಮಾರು 200 ಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ಬಯಲಲ್ಲಾದರೆ ಕಣ್ಣಿಗೆ ಬೀಳುತ್ತಿತ್ತು. ಕೊರಕಲುಗಳ ನಡುವೆ 200 ಮೀಟರ್ ಅಂದರೆ ಬೇರೆಯದೇ ಕಣಿವೆ. ಡೇಟಮ್ಮಿನ ಹೆಸರು ನಕ್ಷೆಯ ಕೆಳಗಿನ ಎಡಮೂಲೆಯಲ್ಲೇ ಅಚ್ಚಾಗಿತ್ತು. ನಾನು ಓದಲಿಲ್ಲ. ಜಿಪಿಎಸ್‌ನ ಸೆಟ್ಟಿಂಗ್‌ನಲ್ಲಿ ಎನ್‌ಎಡಿ27 ಆರಿಸಿದ್ದರೆ ಮುಗಿದಿತ್ತು.

ಹಾಗಾಗಿ ಹಳೆಯದಾ ಹೊಸದಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಆ ಹಳೆಯ ನಕ್ಷೆಗಳಿಗೆ ವಿಮಾನದಿಂದ ತೆಗೆದ ಜೋಡಿ ಚಿತ್ರಗಳನ್ನು ಕೆಲ್ಶ್ ಪ್ಲಾಟರ್‌ನಂಥ ಯಂತ್ರದಲ್ಲಿಟ್ಟು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಎಳೆದರು. ಆಮೇಲೆ ಸರ್ವೆಯವರು ಆ ಸೀಮೆಗೇ ಹೋಗಿ ದಾರಿ, ಬಾವಿ ನೋಡಿ, ಅಲ್ಲಿಯವರನ್ನು ಕೇಳಿ ಹೆಸರು ಬರೆದುಕೊಂಡರು. ಆ ಕೆಲಸದ ಮೇಲೆ ನನಗೆ ತುಂಬ ಗೌರವ. ಉಪಗ್ರಹ ಚಿತ್ರ ಒರತೆಯ ಹೆಸರು ಹೇಳುವುದಿಲ್ಲ, ಅಲ್ವಾ? ಆದರೆ ನಕ್ಷೆಯಲ್ಲಿ ನೇರಳೆ ಬಣ್ಣದಲ್ಲಿ ಇರುವುದೆಲ್ಲ ಆಮೇಲೆ ವಿಮಾನದ ಚಿತ್ರ ನೋಡಿ ಸೇರಿಸಿದ್ದು. ಸ್ಥಳಕ್ಕೆ ಹೋಗಿ ನೋಡಿದ್ದಲ್ಲ. ಅದನ್ನು ಅಷ್ಟಾಗಿ ನಂಬಬೇಡಿ.

ಯುಎಸ್‌ಜಿಎಸ್‌ನ ಟೋಪೋವ್ಯೂ ತಾಣದಲ್ಲಿ ಈ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ಮೊದಲು ರಾಂಚಿನವರ ಹತ್ತಿರ ಹೋಗಿ. ಬೇಲಿ ದಾಟಲು ಹೇಗೂ ಅವರ ಒಪ್ಪಿಗೆ ಬೇಕು. ನಕ್ಷೆ ಹರಡಿ, ಯಾವ ಒರತೆಯಲ್ಲಿ ಈಗ ನೀರಿದೆ ಅಂತ ಕೇಳಿ.